ಭಾನುವಾರದ ಗುಮಾಸ್ತರು

ಕೀರ್ತನೆ ಮೂರನೆಯ ಚರಣಕ್ಕೆ ಬಂದಾಗ ಕಲೋಲೈನೆಗೆ ಥಟ್ಟನೆ ನೆನಪಾಯಿತು. ಇಡೀ ಟೋಂಗಾ ದ್ವೀಪದೇಶ ಅಂಗಡಿ, ಕಚೇರಿಗಳಿಗೆ ಬೀಗ ಜಡಿದು ಚರ್ಚಿನಲ್ಲಿ ಕೂತಿದೆ. ಅವಳ ಮೂವರು ಗುಮಾಸ್ತರು ಮಾತ್ರ ದುಡಿಯುತ್ತಿದ್ದಾರೆ!

ಆ ಮೂವರು ಮನುಷ್ಯರಲ್ಲ. ಆಸ್ಪತ್ರೆಯ ಔಷಧ ಉಗ್ರಾಣದ ಕಂಪ್ಯೂಟರುಗಳಿಗೆ ಯಾವನೋ ಕನ್ನ ಹಾಕುತ್ತಿದ್ದಾನೆಂದು ಗೊತ್ತಾದ ಮೇಲೆ, ಕಳೆದ ಸೋಮವಾರ ಕಲೋ ಅವನಿಗೆಂದೇ ಕಂಪ್ಯೂಟರಿನೊಳಗೆ ಒಂದು ಸುಳ್ಳು ಕಚೇರಿ ಕಟ್ಟಿದ್ದಳು. ಸುಳ್ಳು ಕಡತ, ಸುಳ್ಳು ದಾಸ್ತಾನು, ದಿನಾ ಒಂಬತ್ತಕ್ಕೆ ಟೈಪು ಶುರುಮಾಡುವ ಸುಳ್ಳು ಗುಮಾಸ್ತರು. ಅವನು ಅಲ್ಲಿ ತಡಕಾಡುವಷ್ಟು ದಿನ ಅಸಲಿ ಉಗ್ರಾಣ ಕ್ಷೇಮ, ಅವನ ವರಸೆಯೂ ತಿಳಿಯುತ್ತದೆ ಎಂದಿದ್ದಳು ಮೇಲಧಿಕಾರಿ ಲೂಪೆ. ಅಸಲಿ ಉಗ್ರಾಣದ ಕಡತಗಳಿಗೇ ಅವನು ಬೀಗ ಹಾಕಿದರೆ ನಾಳೆಯ ಹಡಗಿನಲ್ಲಿ ಹೊರದ್ವೀಪಗಳಿಗೆ ಇನ್ಸುಲಿನ್ ಹೋಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಗುಮಾಸ್ತರಿಗೆ ಭಾನುವಾರ ರಜೆ ಕೊಡಲು ಮರೆತಿದ್ದಳು ಪುಣ್ಯಾತ್ಗಿತ್ತಿ ಕಲೋ.

ಹಾಡಿನ ನಡುವೆಯೇ ಎದ್ದಳು. ಅಪ್ಪ ದುರುಗುಟ್ಟಿ ನೋಡಿದ. ಗಂಡಸರ ಸಾಲಿನಲ್ಲಿ ಅಣ್ಣ ಸೈಮೋನೆಯ ಜಾಗ ಖಾಲಿ. ಜ್ವರ ಬರದಿದ್ದರೆ ಅವನೇ ಕಾರಿನಲ್ಲಿ ಬಿಡುತ್ತಿದ್ದ. ಚರ್ಚಿಗೆಂದು ಊರಿನ ಸಂಪ್ರದಾಯದಂತೆ ಸೊಂಟಕ್ಕೆ ಸುತ್ತಿದ ಚಾಪೆಯನ್ನು ಎತ್ತಿ ಹಿಡಿದು, ಬಿಕೋ ಎನ್ನುವ ಬೀದಿಯಲ್ಲಿ ಕಚೇರಿಗೆ ಓಡಿದಳು.

ಪರದೆಯಲ್ಲಿ ನೋಡಿದರೆ, ಸುಳ್ಳು ಕಡತದಲ್ಲಿ ಕಳ್ಳ ಅಪ್ಪಟ ಟೋಂಗನ್ ಭಾಷೆಯಲ್ಲಿ ಬರೆದುಹೋಗಿದ್ದ: "ಭಾನುವಾರ ಕೆಲಸ ಮಾಡೋ ಗುಮಾಸ್ತರು ನಮ್ಮೂರಲ್ಲಿ ಯಾರಪ್ಪಾ ಇದಾರೆ? ನನ್ನೇ ಮಂಗ ಮಾಡಕ್ಕೆ ಹೊರಟ್ರಾ?"

ಈಗವನು ಅಸಲಿ ಉಗ್ರಾಣದ ಹಳೆಯ ಹಿಂಬಾಗಿಲಿಗೆ ಗುಪ್ತಪದ ಹಾಕುತ್ತಿದ್ದ. ಮುಚ್ಚಲು ಎಲ್ಲರೂ ಮರೆತಿದ್ದ ಬಾಗಿಲು ಅದು. ಕಲೋ ಮೇಜಿನಡಿ ನುಗ್ಗಿ ತಂತಿಯನ್ನೇ ಕಿತ್ತಳು. ಉಗ್ರಾಣ ಉಳಿಯಿತು.

ಲೂಪೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಲೂಪೆ ಕಳ್ಳ ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡಳು.

"ಪರದೇಶದೋನು ಅಂದ್ಕೊಂಡಿದ್ವಲ್ಲೇ. ಇವನು ನಮ್ಮೋನೇ. ಆ ಹಿಂಬಾಗಿಲು ನಿನಗೂ ನನಗೂ ಬಿಟ್ರೆ ಇನ್ಯಾರಿಗೆ ಗೊತ್ತು, ಹೇಳು."

ಇನ್ನೊಬ್ಬನಿಗೆ ಗೊತ್ತಿತ್ತು. ಅದನ್ನು ಮಾಡಿಟ್ಟವನೇ ಅವನು. ಹೋದ ವರ್ಷ ಇದೇ ಕಚೇರಿಯವರು ಅವನನ್ನು ಕೆಲಸದಿಂದ ತೆಗೆದಿದ್ದರು. ಟೋಂಗಾದಲ್ಲಿ ಅಣ್ಣನ ಕೋಣೆಗೆ ತಂಗಿ ಕಾಲಿಡುವುದಿಲ್ಲ, ಅಣ್ಣನ ತಪ್ಪನ್ನು ನಾಲಗೆಗೆ ತರುವುದಿಲ್ಲ. ಅವಳು ಹಾಗೆ ಬೆಳೆದವಳು. ಹೊರಗೆ ಚರ್ಚಿನ ಗಂಟೆ ಮೊಳಗಿತು.

"ಜ್ವರ ಅಂದಿದ್ದ ಅಕ್ಕಾ, ನಮ್ಮ ಸೈಮೋನೆ," ಎಂದಳು ಅಳುತ್ತ. "ಬೆಳಿಗ್ಗೆ ಅವನ ಕೋಣೆ ಬಾಗಿಲಲ್ಲಿ ಸೂಪು ಇಟ್ಟು ಬಂದೆ."