ತಂಡದ ಹಾಸಿಗೆ

ಗದಗ-ಬೆಟಗೇರಿಯ ಆ ಆಸ್ಪತ್ರೆಯ ಆಡಳಿತ ಮಂಡಳಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಯಿತು. ಡಾಕ್ಟರು, ನರ್ಸು, ಔಷಧಿಯವರು, ವ್ಯಾಯಾಮ ಮಾಡಿಸುವವರು ಒಂದೇ ರೋಗಿಯ ಸುತ್ತ ನಿಂತು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದಾರಲ್ಲ! ಜ್ಞಾನೋದಯ ತಾನಾಗಿ ಆದದ್ದೇನಲ್ಲ. ಮೇಲಿನಿಂದ ಸುತ್ತೋಲೆ ಬಂದಿತ್ತು, ಪರಿಶೀಲನೆಗೆ ತಜ್ಞರೂ ಬರುವವರಿದ್ದರು. ಅವಸರದಲ್ಲಿ ಸಂಸ್ಥೆಯ ನಾಲ್ಕು ಕಾಲೇಜುಗಳಿಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಹೆಕ್ಕಿ ತಂಡ ಕಟ್ಟಿದರು. ವೈದ್ಯಕೀಯದ ಲೋಹಿತ, ಫಾರ್ಮಸಿಯ ಪ್ರಿಯಾಂಕಾ, ಫಿಸಿಯೋಥೆರಪಿಯ ಯಲ್ಲೇಶ, ನರ್ಸಿಂಗಿನ ವಿದ್ಯಾಶ್ರೀ. ತಜ್ಞರು ಮೆಚ್ಚಿದರೆ ನಾಲ್ವರಿಗೂ ಅಲ್ಲೇ ನೌಕರಿ ಎಂಬ ಮಾತೂ ಹೊರಬಿತ್ತು.

ತರಬೇತಿಯ ಹೊಣೆ ಹೊತ್ತ ಡಾ. ಸಿದ್ದಾರೂಢ ಮೊದಲ ದಿನವೇ ಮೇಜು ಗುದ್ದಿದರು. "ಈ ಖೋಲಿಯೊಳಗ ದೊಡ್ಡಾವ ಸಣ್ಣಾವ ಅನ್ನೂದಿಲ್ಲ. ಸರ್ ಇಲ್ಲ, ಮೇಡಂ ಇಲ್ಲ. ಎಲ್ಲಾರೂ ಸಮಾನ. ತಿಳೀತಿಲ್ಲೋ?"

"ತಿಳೀತ್ರಿ ಸರ್" ಎಂದರು ನಾಲ್ವರೂ.

ಆಮೇಲೆ ಚಹಾ ಬಂತು. ಲೋಹಿತನಿಗೆ ಪಿಂಗಾಣಿ ಕಪ್ಪು, ಉಳಿದ ಮೂವರಿಗೆ ಕಾಗದದ್ದು. ವಿದ್ಯಾಶ್ರೀಯ ಕಣ್ಣಿಗೆ ಅದು ಬಿತ್ತು, ಆದರೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದು ಇನ್ನೊಂದು ವಿಷಯಕ್ಕೆ, ಕೆಟ್ಟಿದ್ದೂ ಅಲ್ಲೇ.

"ಮೊನ್ನಿ ಒಬ್ಬ ಪೇಶಂಟಿಗೆ ಒಬ್ರು ಬಾಳಿಹಣ್ಣು ತಿನ್ನು ಅಂದ್ರು, ಇನ್ನೊಬ್ರು ಮುಟ್ಟಬ್ಯಾಡ ಅಂದ್ರು. ಪಾಪ, ಆತ ಅರ್ಧಾ ತಿಂದು ಅರ್ಧಾ ಹಿಡ್ಕೊಂಡು ಕುಂತಿದ್ದ. ಏನ ಹೇಳೂದಿದ್ರೂ ನಾಕೂ ಮಂದಿ ಕೂಡಿ ಹೇಳಿದ್ರ ಹೆಂಗ್ರಿ ಸರ್?"

ಸಿದ್ದಾರೂಢರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುದಿನವೇ ವಾರ್ಡಿನ ಗೋಡೆಗೆ ಬ್ಯಾನರು ಏರಿತು: 'ನಾಲ್ವರೂ ಕೂಡಿಯೇ ಹೇಳತಕ್ಕದ್ದು, ಒಬ್ಬರೇ ಏನನ್ನೂ ಹೇಳತಕ್ಕದ್ದಲ್ಲ.' ಕೆಳಗೆ ವಿದ್ಯಾಶ್ರೀಯ ಭಾವಚಿತ್ರ. ಮುಂಡರಗಿಯಲ್ಲಿದ್ದ ಅವಳ ಅಪ್ಪ ರಾಮಪ್ಪ ಆ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತ ತಿರುಗಿದ.

ತಂಡಕ್ಕೆ ಒಂದು ಹಾಸಿಗೆಯನ್ನೇ ಮೀಸಲಿಟ್ಟರು. ಅದರ ಮೇಲಿದ್ದವಳು ಬೆಳ್ಳಟ್ಟಿಯ ಗದಿಗೆವ್ವ. ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳು ಕೊಳೆತಿತ್ತು, ತೆಗೆಯಬೇಕಿತ್ತು. ಆಪರೇಶನ್ ಗೊತ್ತಾದದ್ದು ತಜ್ಞರು ಬರುವ ದಿನವೇ, ಬೆಳಗಿನ ಮೊದಲ ಕೇಸು. ಹಿಂದಿನ ಸಂಜೆ ಇನ್ಸುಲಿನ್ ಚುಚ್ಚಿ, ರಾತ್ರಿಯಿಂದ ತುತ್ತು ಅನ್ನ, ಗುಟುಕು ನೀರು ಎಲ್ಲ ಬಂದ್ ಮಾಡಿದರು.

ಬೆಳಿಗ್ಗೆ ಆಪರೇಶನ್ ಮುಂದೆ ಹೋಯಿತು. ಅರಿವಳಿಕೆ ಕೊಡುವ ಡಾಕ್ಟರನ್ನು ಸ್ವಾಗತ ಸಮಾರಂಭದ ವೇದಿಕೆಗೆ ಎಳೆದೊಯ್ದಿದ್ದರು. ತಜ್ಞರು ಯಾವಾಗ ಬಂದರೂ ಕುರ್ಚಿ ಖಾಲಿ ಕಂಡರೆ ಸಂಸ್ಥೆಗೆ ಅವಮಾನವಂತೆ. ಸುದ್ದಿ ತಂಡದ ನಾಲ್ವರಿಗೂ ಮುಟ್ಟಿತು. ಮುಟ್ಟದೇ ಉಳಿದವಳು ಗದಿಗೆವ್ವ ಒಬ್ಬಳೇ.

"ಯವ್ವಾ, ಯಾವಾಗ ಒಯ್ತೀರಿ?" ಎಂದು ಆಕೆ ಕೇಳಿದಾಗ ವಿದ್ಯಾಶ್ರೀ ಬ್ಯಾನರಿನತ್ತ ನೋಡಿದಳು. ತನ್ನ ಮುಖವೇ ಅಲ್ಲಿಂದ ನಗುತ್ತಿತ್ತು. "ತಡೀ ಆಯಿ, ಎಲ್ಲಾರೂ ಕೂಡಿ ಬಂದು ಹೇಳ್ತೀವಿ" ಎಂದು ಮೂವರನ್ನೂ ಹುಡುಕಿ ಹೊರಟಳು.

ಪ್ರಿಯಾಂಕಾ ಪ್ರಾರ್ಥನಾ ಗೀತೆಯ ತಾಲೀಮಿನಲ್ಲಿದ್ದಳು. "ಎರಡನೇ ನುಡಿ ಇನ್ನಾ ಕೂಡವಲ್ದು. ಅದೊಂದು ಮುಗೀಲಿ, ಬಂದೆ" ಎಂದಳು. ಲೋಹಿತ ಭಾಷಣದ ಸ್ಲೈಡುಗಳಿಗೆ ಬಣ್ಣ ತುಂಬುತ್ತಿದ್ದ. "ನಾ ಒಬ್ಬನ ಹೇಳಿದ್ರ ಡಾಕ್ಟರಾಗವ ದರ್ಪ ಮಾಡಿದ ಅಂತಾರ. ನಿನ್ನ ರೂಲ್ಸ ಅಲ್ಲೇನು ಅದು?" ಯಲ್ಲೇಶನಂತೂ ಊರಲ್ಲೇ ಇರಲಿಲ್ಲ. ತಜ್ಞರಿಗೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡುವ ಮನಸ್ಸಾಗಿ, ದಾರಿ ತೋರಿಸಲು ಅವನನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋಗಿದ್ದರು. ಫೋನಿನಲ್ಲಿ ಪಿಸುಗುಟ್ಟಿದ: "ನಾ ಬರೂತನಾ ಹೇಳಬ್ಯಾಡ್ರಿ ಮತ್ತ! ನನ್ನ ಬಿಟ್ಟು ಹೇಳಿದ್ರ ನಾಕು ಮಂದಿ ಹೆಂಗಾಕ್ಕತಿ?"

ವಾರ್ಡಿನ ಸಿಸ್ಟರನ್ನು ಕೇಳಿದರೆ ಅವರು ಕೈ ಎತ್ತಿಬಿಟ್ಟರು. "ಅದು ತಂಡದ ಹಾಸಿಗಿ. ನಾವು ಕೈ ಹಚ್ಚಬಾರದಂತ ಆರ್ಡರ್ ಐತಿ."

ವಿದ್ಯಾಶ್ರೀ ಬರಿಗೈಯಲ್ಲಿ ಮರಳಿದಾಗ ಮಧ್ಯಾಹ್ನವಾಗಿತ್ತು. ಗದಿಗೆವ್ವನ ಕುಪ್ಪಸ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. "ಮಂಜುಳಾ, ಎಮ್ಮಿ ಹಿಂಡಿದೇನ?" ಎಂದು ಕೇಳಿದಳು. ಮಂಜುಳಾ ಅಂದರೆ ಆಕೆಯ ಮಗಳು. ಎಮ್ಮೆ ಮಾರಿ ವರ್ಷಗಳೇ ಆಗಿದ್ದವು.

ವಿದ್ಯಾಶ್ರೀ ಓಡಿಹೋಗಿ ಸಕ್ಕರೆ ನೋಡುವ ಯಂತ್ರ ತಂದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಇನ್ನು ಯಾರನ್ನೂ ಕಾಯಲಿಲ್ಲ. ನೀರಿಗೆ ಸಕ್ಕರೆ ಕದಡಿ, ತಲೆಯೆತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮುದುಕಿಗೆ ಅವಳ ಗುರುತು ಹತ್ತಿತು.

"ಆಯಿ, ಇವತ್ತ ಆಪರೇಶನ್ ಇಲ್ಲ. ಬೆಳಗ್ಗೇನ ನನಗ ಗೊತ್ತಿತ್ತು. ಹೇಳಲಿಲ್ಲ, ನಂದ ತಪ್ಪು." ವಿದ್ಯಾಶ್ರೀಗೆ ಅಳು ಬಂತು.

"ಅಳಬ್ಯಾಡ ಯವ್ವಾ. ಮೊದಲ ಒಂದ ರೊಟ್ಟಿ ಕೊಡು" ಎಂದಳು ಗದಿಗೆವ್ವ.

ಸುದ್ದಿ ಕಿವಿಗೆ ಬಿದ್ದದ್ದೇ ಸಿದ್ದಾರೂಢರು ಉರಿದುಬಿದ್ದರು. "ಒಬ್ಬಾಕಿನ ಹೇಳಿದೀ! ಒಬ್ಬಾಕಿನ ಕುಡಿಸಿದೀ! ಬ್ಯಾನರಿನ್ಯಾಗ ನಿನ್ನ ಮಾರೀನ ಐತಲ್ಲ ಹುಡುಗೀ!"

"ಜೀವಾ ಹೋಗ್ತಿತ್ರಿ ಸರ್."

"ಹೋಗೂದಿದ್ರ ತಂಡ ವಿಚಾರ ಮಾಡ್ತಿತ್ತು!"

ವಿದ್ಯಾಶ್ರೀಯನ್ನು ತಂಡದಿಂದ ತೆಗೆದರು. ಬ್ಯಾನರಿನಲ್ಲಿ ಅವಳ ಮುಖದ ಮೇಲೆ ಬಿಳಿ ಕಾಗದ ಅಂಟಿತು, 'ನಾಲ್ವರೂ' ಹೋಗಿ 'ಮೂವರೂ' ಆಯಿತು. ಸಂಜೆ ವೇದಿಕೆಯಲ್ಲಿ ಲೋಹಿತನ ಸ್ಲೈಡು ಹೊಳೆಯಿತು: 'ರೋಗಿಯ ಸಕ್ಕರೆ ಕುಸಿದಾಗ ತಂಡದ ಸಮಯಪ್ರಜ್ಞೆ.' ತಜ್ಞರು ಚಪ್ಪಾಳೆ ತಟ್ಟಿದರು. ಮೂವರಿಗೂ ಶಾಲು, ನೌಕರಿಯ ಭರವಸೆ. ಶಾಲಿನ ತಟ್ಟೆ ಹಿಡಿದು ನಿಂತವಳು ವಿದ್ಯಾಶ್ರೀ. ಅವಳಿಗೆ ಮೈಯೆಲ್ಲ ಸಿಟ್ಟು, ಅಪ್ಪನಿಗೆ ಏನು ಹೇಳಲಿ ಎಂಬ ಸಂಕಟ ಬೇರೆ. ಅಂದು ಮನೆಗೆ ಫೋನು ಮಾಡಲೇ ಇಲ್ಲ.

ಮರುದಿನ ಆಪರೇಶನ್ನಿಗೆ ಮತ್ತೆ ದಿನ ಗೊತ್ತಾಯಿತು, ಅದರ ಮಾರನೇ ದಿನಕ್ಕೆ. ರೋಗಿಯ ಒಪ್ಪಿಗೆ ಪಡೆಯುವ ಚಂದ ನೋಡಿಯೇ ಹೋಗುತ್ತೇವೆಂದು ತಜ್ಞರು ಉಳಿದುಕೊಂಡಿದ್ದರು. ಮೂವರೂ ಹಾಸಿಗೆಯ ಸುತ್ತ ಸಾಲಾಗಿ ನಿಂತು, ಪ್ರಿಯಾಂಕಾ ತಲೆಯಾಡಿಸಿದ ಕೂಡಲೇ ಒಂದೇ ಉಸಿರಿನಲ್ಲಿ ಹೇಳಿದರು: "ಆಯಿ, ನಾಳಿ ನಿಮ್ಮ ಆಪರೇಶನ್ ಐತ್ರಿ!" ತಜ್ಞರು ತಲೆದೂಗಿದರು.

ಗದಿಗೆವ್ವ ಮೂವರ ಮುಖವನ್ನೂ ನೋಡಿದಳು. ಹೆಬ್ಬೆಟ್ಟಿಗೆ ಶಾಯಿ ಹಚ್ಚಲು ಬಂದ ಸಿದ್ದಾರೂಢರ ಕೈಯನ್ನು ಸರಿಸಿ, ತನ್ನ ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡಳು.

"ಬೆರಳ ತಗೀರಿ, ಬ್ಯಾಡನ್ನಂಗಿಲ್ಲ. ಆದ್ರ ಯಪ್ಪಾ, ನನ್ನ ಕೂಡ ಮಾತಾಡಾಕ ಆ ತಂಡದಾಗ ಇಲ್ಲದ ಹುಡಿಗಿನ್ನ ಕಳಸ್ರಿ. ಅಲ್ಲೀತನಾ ಹೆಬ್ಬೆಟ್ಟ ಒತ್ತಂಗಿಲ್ಲ."

ಸಿದ್ದಾರೂಢರು ತಜ್ಞರತ್ತ ತಿರುಗಿ ನಗಲು ನೋಡಿದರು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ದೇವಪ್ಪ ಮೊಣಕೈ ಊರಿ ಎದ್ದು ಕುಳಿತ.

"ಸಾಹೇಬ್ರ, ಹಂಗ ನನ್ನ ಕಡೆನೂ ಆಕಿನ್ನ ಕಳಸ್ರಿ. ನಂದೂ ನಿನ್ನಿಯಿಂದ ಉಪಾಸ ಐತಿ, ಯಾಕಂತ ಯಾರೂ ಹೇಳವಲ್ರು."