ಮಿಕ್ಕಿದ್ದು ನಿಜ

"ಎಲ್ಲಾ ಸುಳ್ಳು ಅಂತ ಇವ್ಳ ಬಾಯಲ್ಲೇ ಏಳ್ಸಿ ಸಾ. ವಿಡಿಯೋ ಮಾಡ್ಕಂಡೇ ನಾನು ಓಗದು."

ಪಂಚಾಯಿತಿ ಮೆಂಬರ್ ಪರಮೇಶ ಹೆಡ್‌ಮಾಸ್ಟರರ ಮೇಜಿನ ಮೇಲೆ ಮೊಬೈಲ್ ಇಟ್ಟು ಮತ್ತೊಮ್ಮೆ ಒತ್ತಿದ. ಹತ್ತನೇ ತರಗತಿಯ ದೀಪಳ ದನಿ ಕೋಣೆ ತುಂಬಿತು.

"ನಮ್ ಸ್ಕೂಲ್ ಟ್ಯಾಂಕ್ಲಿ ಉಳ ಆಡ್ತಾವ. ಆ ನೀರು ಕುಡ್ದು ಮಕ್ಳು ವಾಂತಿ ಮಾಡ್ಕತ್ತಾವ. ಮೆಂಬರ್‌ಗ ಏಳುದ್ರೂ ತೊಳ್ಸನಿಲ್ಲ. ಕುಂಟ ಮೆಂಬರು ಟ್ಯಾಂಕ್ ಮ್ಯಾಲ ಅತ್ತದು ಯಾವಾಗ, ನಾವು ನೀರು ಕುಡಿಯದು ಯಾವಾಗ!"

ಕೊನೆಯಲ್ಲಿ ಹುಡುಗಿಯರ ನಗು. ಹನೂರಿನ ತನಕ ವಾಟ್ಸಾಪ್ ಗುಂಪುಗಳಲ್ಲೆಲ್ಲ ಆ ಆಡಿಯೋ ಸುತ್ತಿ ಬಂದಿತ್ತು.

ದೀಪಳ ತಾಯಿ ಸೋಮಮ್ಮ ಬಾಗಿಲ ಬಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪರಮೇಶನ ಅರಿಶಿನದ ಹೊಲದಲ್ಲೇ ಅವಳಿಗೆ ಕೂಲಿ. "ಸುಳ್ಳು ಅಂದ್ಬುಡವ್ವಾ" ಎಂದಳು.

ಹೆಡ್‌ಮಾಸ್ಟರ್ ಶಿವಕುಮಾರಸ್ವಾಮಿಯವರೂ ಅದನ್ನೇ ಹೇಳುವವರಿದ್ದರು. ಮೇಜಿನೆದುರು ನಿಂತಿದ್ದ ದೀಪ ಮಾತ್ರ ಪಕ್ಕದಲ್ಲಿದ್ದ ಸಮಾಜ ವಿಜ್ಞಾನದ ಪದ್ಮಿನಿ ಮೇಡಂ ಕಡೆ ತಿರುಗಿದಳು.

"ಮಾತಾಡದು ನಮ್ ಅಕ್ಕು ಅಂತ ನೀವೇ ಏಳ್ಕೊಟ್ರಲ್ಲ ಮಿಸ್?"

ಪದ್ಮಿನಿ ಹಕ್ಕಿನ ಪಾಠ ಮುಗಿಸಿದ್ದರು. ಅದರ ಮಿತಿಗಳು ಮುಂದಿನ ತರಗತಿಗೆ ಉಳಿದಿದ್ದವು.

"ಇನ್ನರ್ಧ ಪಾಠ ಬಾಕಿ ಇದೆ ಸರ್, ಈಗಲೇ ಮಾಡ್ತೀನಿ" ಎಂದರು. "ಪರಮೇಶ್ ಅವರೇ, ನೀವೂ ಬನ್ನಿ."

ತರಗತಿಯಲ್ಲಿ ಅವರು ದೀಪ ಆಡಿದ ಮಾತುಗಳನ್ನು ಒಂದರ ಕೆಳಗೊಂದು ಬೋರ್ಡಿನ ಮೇಲೆ ಬರೆದರು. ಪರಮೇಶ ಮುಂದಿನ ಬೆಂಚಿನ ತುದಿಯಲ್ಲಿ ಕಾಲು ಚಾಚಿ ಕೂತ. ಸೋಮಮ್ಮ ಕಿಟಕಿಯಾಚೆ ನಿಂತಳು.

"ಟ್ಯಾಂಕಲ್ಲಿ ಹುಳ ಇದೆ. ನಿಜವೋ, ಸುಳ್ಳೋ?"

"ನಿಜ ಮಿಸ್!"

"ಮೆಂಬರಿಗೆ ಹೇಳಿದ್ರಿ?"

"ಎರಡ್ ಸಲ ಏಳುದ್ವಿ."

ಪದ್ಮಿನಿ ಕೊನೆಯ ಸಾಲಿನ 'ಕುಂಟ' ಎಂಬ ಪದದ ಮೇಲೆ ಬೆರಳಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಅದೂ ನಿಜಾನೇ ಅಲ್ವಾ ಮಿಸ್?" ಎಂದಳು ಕುಸುಮ.

"ಹೌದು. ಆದ್ರೆ ಅವರ ಕಾಲಿಗೂ ನಮ್ಮ ನೀರಿಗೂ ಏನು ಸಂಬಂಧ?"

ಪರಮೇಶ ನೆಲ ನೋಡುತ್ತಲೇ ಹೇಳಿದ: "ನಾನೂ ಇದೇ ಸ್ಕೂಲಲ್ಲಿ ಓದ್ದವ್ನು. ಇದೇ ಎಸ್ರು ಇಡ್ದು ಕೂಗ್ತಿದ್ರು. ತಡೀನಾರ್ದೆ ಎಂಟನೇ ಕ್ಲಾಸ್‌ಗೇ ಬುಟ್ಬುಟ್ಟಿ."

ದೀಪ ಎದ್ದಳು. ಡಸ್ಟರ್ ತೆಗೆದುಕೊಂಡು ಆ ಪದವೊಂದನ್ನೇ ಅಳಿಸಿ ಅವನ ಮುಂದೆ ಬಂದು ನಿಂತಳು. ಕಣ್ಣು ತುಂಬಿತ್ತು.

"ಅದು ಆಡಬಾರ್ದ ಮಾತು ಕಣಣ್ಣ. ತಪ್ಪಾಯ್ತು. ಬೇಕಾದ್ರ ವಿಡಿಯೋ ಮಾಡ್ಕಳಿ."

ಪರಮೇಶ ಮೊಬೈಲ್ ಎತ್ತಿ ಹಿಡಿದ; ದೀಪ ಅದನ್ನೇ ಮತ್ತೊಮ್ಮೆ ಹೇಳಿದಳು. "ಮಿಕ್ಕಿದ್ದು?"

"ಮಿಕ್ಕಿದ್ದು ನಿಜ. ಅದ್ಕ ತಪ್ಪಾಯ್ತು ಅನ್ನಲ್ಲ."

ಪರಮೇಶನ ನೋಟ ಕಿಟಕಿಯತ್ತ ಹೋಯಿತು. ಸೋಮಮ್ಮ ಸರಳುಗಳನ್ನು ಬಿಗಿಯಾಗಿ ಹಿಡಿದಿದ್ದಳು. ಬಾಯಿಗೆ ಒತ್ತಿದ್ದ ಸೆರಗು ಜಾರಿತ್ತು.

"ನಿಜವೇ ಕಣಪ್ಪ" ಎಂದಳು. ದನಿ ನಡುಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. "ನನ್ ಚಿಕ್ ಮಗಾನೂ ಆ ನೀರು ಕುಡ್ದು ಕೊಳ್ಳೇಗಾಲದ ಆಸ್ಪತ್ರೇಲಿ ಮಲಗಿತ್ತು. ಕೂಲಿ ಬ್ಯಾಡ ಅಂದ್ರ ಬುಡು, ಮುಳ್ಳೂರ್‌ಗ ಕೂಲಿಗ ಓಯ್ತೀನಿ."

ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಪದ್ಮಿನಿ ತಡೆಯಲಿಲ್ಲ. ದೀಪ ಓಡಿ ಹೋಗಿ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಅವ್ವನ ಕೈ ಹಿಡಿದಳು. ಪರಮೇಶ ಮೊಬೈಲನ್ನು ಜೇಬಿಗೆ ಹಾಕಿ ಎದ್ದ.

"ಯಾರೂ ಎಲ್ಗೂ ಓಗದ್ ಬ್ಯಾಡ" ಎಂದಷ್ಟೇ ಹೇಳಿ ಹೊರಟ.

ಅಂದು ಸಂಜೆ ಆ ವಿಡಿಯೋ ಊರಿನ ಗುಂಪಿಗೆ ಬಂತು. ಪರಮೇಶನೇ ಹಾಕಿದ್ದ. ದೀಪಳ ಒಂದು ಮಾತನ್ನೂ ಕತ್ತರಿಸಿರಲಿಲ್ಲ.

ಆ ವಾರವೇ ಆಳುಗಳು ಟ್ಯಾಂಕಿಗೆ ಇಳಿದು ಬುಟ್ಟಿಗಟ್ಟಲೆ ಕಪ್ಪು ಕೆಸರು ಎತ್ತಿಹಾಕಿದರು. ಮತ್ತೆ ನೀರು ಬಿಟ್ಟಾಗ ಮಕ್ಕಳೆಲ್ಲ ನಲ್ಲಿಯ ಸುತ್ತ ಸೇರಿದರು. ಪರಮೇಶ ಬೊಗಸೆಯೊಡ್ಡಿ ಮೊದಲು ತಾನು ಕುಡಿದ. ಬಾಯಿ ಒರೆಸಿಕೊಂಡು ಪಕ್ಕಕ್ಕೆ ಸರಿದು, ದೀಪಳಿಗೆ ಜಾಗ ಬಿಟ್ಟ.