ಹಾಜರಿ ದುಡ್ಡು

ಆಸ್ಪತ್ರೆಗೆ ಹೋಗುವ ದಿನ ಬಂತೆಂದರೆ ಅತ್ತೆಯೇ ಮೊದಲು ಏಳುತ್ತಿದ್ದಳು. ಗ್ಯಾಸ್ ಉಳಿಯಲಿ ಎಂದು ತಾನು ತಣ್ಣೀರಲ್ಲೇ ಮಿಂದು, ಸೊಸೆಗೆ ಮಾತ್ರ ನೀರು ಕಾಯಿಸಿಡುತ್ತಿದ್ದಳು.

"ಏಳೇ ತಾಯಿ, ಸಂಬಳದ ದಿನ. ನಾನು ನಾಲ್ಕು ಹೆತ್ತೆ, ಯಾರಾದ್ರೂ ಒಂದು ಬಿಡಿಗಾಸು ಕೊಟ್ರಾ? ಈಗ ನೋಡು, ಬಸುರಾದ್ರೂ ಸಂಬಳ!"

ಸೊಸೆ ನಗುತ್ತಿದ್ದಳು. ನಗದಿದ್ದರೆ ಅತ್ತೆಗೆ ಸಂಶಯ ಬರಬಹುದೆಂಬ ಭಯ ಅವಳಿಗೆ.

ಅವಳು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಗಂಡ ಬೇರೆ ಊರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಮೊದಲ ತಪಾಸಣೆಯಲ್ಲೇ ಅವಳ ರಕ್ತದಲ್ಲಿ ಎಚ್‌ಐವಿ ಇದೆ ಎಂದು ತಿಳಿದಿತ್ತು. ದಿನವೂ ತಪ್ಪದೆ ಮಾತ್ರೆ ನುಂಗಿದರೆ ಮಗುವನ್ನು ಕಾಪಾಡಿಕೊಳ್ಳಬಹುದು, ಬಿಟ್ಟರೆ ಮಾತ್ರ ಅಪಾಯ ಎಂದು ನರ್ಸ್ ಅವಳ ಕೈ ಹಿಡಿದುಕೊಂಡೇ ಹೇಳಿದ್ದಳು. ಮಾತ್ರೆ ಕೊಡುವುದು ಮುಂದಿನ ಭೇಟಿಯವರೆಗೆ ಸಾಲುವಷ್ಟು ಮಾತ್ರ. ದೂರದ ದಾರಿ, ಎರಡು ಬಸ್ಸು, ತಪ್ಪಿಹೋಗುವ ಕೂಲಿ. ಇದಕ್ಕೆಲ್ಲ ಸೋತು ಹೆಂಗಸರು ಅರ್ಧಕ್ಕೇ ಬಿಟ್ಟುಬಿಡುತ್ತಾರೆಂದು, ಬಂದ ಪ್ರತಿ ಸಲವೂ ಕೈಗೆ ಹಣ ಕೊಡುವ ಏರ್ಪಾಟನ್ನು ಆಸ್ಪತ್ರೆಯವರು ಮಾಡಿದ್ದರು. ಸಲದಿಂದ ಸಲಕ್ಕೆ ಸ್ವಲ್ಪ ಹೆಚ್ಚು. ಒಮ್ಮೆ ತಪ್ಪಿದರೆ ಮತ್ತೆ ಮೊದಲಿನಿಂದ. ಸಾಲಿನಲ್ಲಿ ನಿಂತ ಹೆಂಗಸರು ಅದನ್ನು ಹಾಜರಿ ದುಡ್ಡು ಎಂದು ಕರೆಯುತ್ತಿದ್ದರು.

ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: ಬಸುರಿಯರು ತಪ್ಪದೆ ತೋರಿಸಿಕೊಳ್ಳಲಿ ಎಂದು ಕೊಡುತ್ತಾರೆ. ಅಲ್ಲಿಯವರೆಗೆ "ಬಸುರಿಗೆ ಅದೇನು ದೊಡ್ಡಾಸ್ಪತ್ರೆ, ಬೀದಿ ಕೊನೇಲಿ ಸೂಲಗಿತ್ತಿ ಇಲ್ವಾ" ಎನ್ನುತ್ತಿದ್ದ ಅತ್ತೆ, ಮೊದಲ ಸಲದ ನೋಟು ಕೈಗೆ ಬಂದ ದಿನವೇ ಮೆತ್ತಗಾದಳು. ಆ ದುಡ್ಡಿನಲ್ಲಿ ಸೊಸೆಗೆಂದೇ ಹಾಲು ಹಾಕಿಸಿದಳು. ತನ್ನ ಚಹಾಕ್ಕೆ ಅದರಿಂದ ಒಂದು ತೊಟ್ಟೂ ತೆಗೆಯುತ್ತಿರಲಿಲ್ಲ. ಸೊಸೆ ಮಾತ್ರೆಗಳನ್ನು ರಕ್ತ ಹೆಚ್ಚಾಗುವ ಮಾತ್ರೆಯ ಡಬ್ಬಿಗೆ ಸುರಿದುಕೊಂಡು, ಅತ್ತೆಯ ಎದುರೇ ನುಂಗುತ್ತಿದ್ದಳು.

ನಿಜ ಹೇಳುವ ಧೈರ್ಯ ಅವಳಿಗೆ ಇರಲಿಲ್ಲ. ಅದೇ ಬೀದಿಯ ದರ್ಜಿಯ ಹೆಂಡತಿಗೆ ಇದೇ ರೋಗವಿರುವ ವಿಷಯ ಹೊರಬಿದ್ದಾಗ ನಲ್ಲಿಯ ಬಳಿ ಅವಳ ಬಿಂದಿಗೆಯನ್ನು ಕಾಲಿನಿಂದ ದೂರ ತಳ್ಳಿದ್ದರು. ಹಾಗೆ ತಳ್ಳಿದವರಲ್ಲಿ ಅತ್ತೆಯೂ ಒಬ್ಬಳು.

ಹೀಗೇ ಸೊಸೆಗೆ ಆರು ತಿಂಗಳು ತುಂಬಿತು. ಆಗ ಎರಡು ಬೀದಿ ಆಚೆ ಇದ್ದ ನಾದಿನಿಯೂ ಬಸುರಾದಳು.

"ಒಂದೇ ಮನೇಗೆ ಎರಡು ಸಂಬಳ!" ಅತ್ತೆ ತೊಡೆ ತಟ್ಟಿಕೊಂಡು ನಕ್ಕಳು. "ನಾಳೆ ಇವಳನ್ನೂ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ."

ಸೊಸೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಅತ್ತೆ, ಅದು ಎಲ್ಲರಿಗೂ ಕೊಡಲ್ಲ. ರಕ್ತ ಕಮ್ಮಿ ಇರೋರಿಗೆ ಮಾತ್ರ."

"ಇವಳ ಮುಖ ನೋಡೇ, ಸುಣ್ಣ ಬಳಿದಂಗಿದೆ. ಇವಳಿಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ?"

"ಅಮ್ಮ, ಹೊಗಳ್ತಿದೀಯೋ ಬೈತಿದೀಯೋ?" ಎಂದಳು ನಾದಿನಿ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಯಾಕೆ ಅತ್ತಿಗೆ, ನಿನ್ನ ಪಾಲು ಕಿತ್ಕೋತೀನಿ ಅಂತ ಭಯಾನಾ?" ಎಂದು ಕಣ್ಣು ಮಿಟುಕಿಸಿದಳು.

ಹೊಟ್ಟೆನೋವು ಎಂದು ಮಲಗಿಬಿಡಲೇ ಎಂದು ಸೊಸೆ ಯೋಚಿಸಿದಳು. ಆದರೆ ಡಬ್ಬಿಯ ತಳ ಕಾಣುತ್ತಿತ್ತು. ತಾನು ಹೋಗದಿದ್ದರೂ ಅವರಿಬ್ಬರು ಹೋಗಿಯೇ ತೀರುತ್ತಾರೆ. ಕಿಟಕಿಯಲ್ಲಿ ನಿಂತು ತನ್ನ ಗುರುತು ಹೇಳಿ ಕೇಳುತ್ತಾರೆ. ಜೊತೆಗಿದ್ದರೆ ಏನಾದರೂ ಮಾಡಬಹುದು. ಏನು ಮಾಡುವುದೆಂದು ಮಾತ್ರ ಎರಡನೆಯ ಬಸ್ಸು ಇಳಿಯುವವರೆಗೂ ಅವಳಿಗೆ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಹೊಸದಾಗಿ ಬಂದವರ ರಕ್ತ ಮೊದಲು ತೆಗೆಯುತ್ತಿದ್ದರು. ನಾದಿನಿಯನ್ನು ಒಳಗೆ ಕರೆದರು. ಸೊಸೆ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, "ನೀವಿಲ್ಲೇ ಇರಿ, ಕಾಲು ನೋಯುತ್ತೆ" ಎಂದು ಹೇಳಿ, ಎಂದಿನಂತೆ ಒಳಕೋಣೆಗೆ ಹೋಗಿ ಮಾತ್ರೆ ತೆಗೆದುಕೊಂಡು ಚೀಲದ ತಳಕ್ಕೆ ತುರುಕಿದಳು. ಅಲ್ಲಿಂದ ದುಡ್ಡಿನ ಕಿಟಕಿಗೆ ಬಂದಳು. ತಿರುಗಿ ನೋಡಿದರೆ ಅತ್ತೆ ಬೆನ್ನ ಹಿಂದೆಯೇ ನಿಂತಿದ್ದಳು.

ಆ ಕಿಟಕಿಯ ಗುಮಾಸ್ತನಿಗೆ ಹೆಂಗಸರು ಗುರ್ ಸಾಹೇಬ ಎಂದು ಹೆಸರಿಟ್ಟಿದ್ದರು. ಯಾರು ಏನು ಕೇಳಿದರೂ ಮೊದಲು ಗುರ್ ಎನ್ನುವುದು, ಆಮೇಲೆ ಕೆಲಸ ಮಾಡಿಕೊಡುವುದು ಅವನ ಪದ್ಧತಿ. ಅವನು ಸೊಸೆಯ ಮುಖ ನೋಡಿ ದುಡ್ಡಿನ ಡ್ರಾಯರಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಮುಂದೆ ನುಗ್ಗಿದಳು.

"ಸಾರ್, ಇವಳಿಗೆ ಕೊಡೋ ಹಂಗೇ ನನ್ನ ಮಗಳಿಗೂ ಕೊಡಿ. ಒಳಗೆ ರಕ್ತ ಕೊಡ್ತಿದಾಳೆ. ಅವಳೂ ಬಸುರೀನೇ. ಈ ದುಡ್ಡು ಯಾತಕ್ಕೆ ಕೊಡೋದು, ಯಾರ್ಯಾರಿಗೆ ಕೊಡ್ತೀರಿ, ಸ್ವಲ್ಪ ಬಿಡಿಸಿ ಹೇಳಿ."

ಸೊಸೆ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಅಷ್ಟೆ. ಗುಮಾಸ್ತ ಆ ಬೆರಳುಗಳನ್ನು ನೋಡಿದ. ಅವಳ ಮುಖವನ್ನು ನೋಡಿದ. ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದ.

"ಯಾವ ದುಡ್ಡು? ದುಡ್ಡಿಲ್ಲ. ನಿಂತೋಯ್ತು. ಇವಳಿಗೂ ಇಲ್ಲ, ಯಾರಿಗೂ ಇಲ್ಲ."

"ಹೋದ ಸಲ ಕೊಟ್ರಲ್ಲ!"

"ಹೋದ ಸಲ ಇತ್ತು, ಕೊಟ್ಟೆ. ಈಗ ಇಲ್ಲ. ನನ್ನ ಜೇಬಿಂದ ಕೊಡ್ಲಾ?"

ಅತ್ತೆ ಬಿಡಲಿಲ್ಲ. ಬಸುರಿಯರ ಬಾಯಿಗೆ ಮಣ್ಣು ಹಾಕಿ ತಿಂದದ್ದು ಅರಗೀತೇ ಎಂದು ಸಾಲಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದಳು. ಗುಮಾಸ್ತ ಒಂದು ಸಲವೂ ಗುರ್ ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಅವಳ ಹಿಂದೆ ದುಡ್ಡಿಗೆಂದೇ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರಿಗೂ ಅರ್ಥವಾಗಿತ್ತು. ಒಬ್ಬೊಬ್ಬರಾಗಿ ಸಾಲು ಬಿಟ್ಟು ಸರಿದು, ಗೋಡೆಗೊರಗಿ ನಿಂತರು.

ಬದುಕಿದೆ ಎಂದು ಸೊಸೆ ಉಸಿರು ಬಿಟ್ಟದ್ದು ಒಂದೇ ಗಳಿಗೆ.

"ನಡಿಯೇ. ಇದೇ ಕೊನೆ," ಎಂದಳು ಅತ್ತೆ. "ಕೂಲಿ ಕಳ್ಕೊಂಡು, ಬಸ್ಸಿಗೆ ಸುರಿದು, ಇವರ ಬಾಗಿಲು ಕಾಯೋ ದರ್ದು ನಮಗೇನಿದೆ? ಇನ್ಮೇಲೆ ಸೂಲಗಿತ್ತಿ ಸಾಕು."

"ಅತ್ತೆ, ನಡುವೆ ಬಿಡಬಾರದಂತೆ..."

"ಯಾರು ಹೇಳಿದ್ದು? ಇವರೇ ತಾನೆ? ಲಾಂಡ್ರೀಲಿ ಅರ್ಧ ದಿನ ಮುರ್ಕೊಳ್ಳೋದು ಯಾರು ತುಂಬ್ತಾರೆ? ಮಗ ಕಳಿಸೋದು ಬಾಡಿಗೆಗೇ ಸಾಲಲ್ಲ."

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೊಸೆಯನ್ನು ಇಲ್ಲಿಗೆ ಬರಲು ಬಿಡುತ್ತಿದ್ದುದೇ ಆ ದುಡ್ಡು. ಹೆಚ್ಚು ಹೊತ್ತು ದುಡಿದು, ಹಾಜರಿ ದುಡ್ಡು ಮತ್ತೆ ಶುರುವಾಯಿತೆಂದು ತನ್ನ ಕೂಲಿಯನ್ನೇ ಅತ್ತೆಯ ಕೈಗಿಡಲೇ? ಹಾಗೆ ಮಾಡಿದ ಮರುದಿನವೇ ಅತ್ತೆ ಮಗಳನ್ನು ಕರೆದುಕೊಂಡು ಮತ್ತೆ ಈ ಕಿಟಕಿಗೆ ಬರುತ್ತಾಳೆ. ಯಾವ ಕಡೆ ತಿರುಗಿದರೂ ಗೋಡೆ. ಒಳಗೆ ಮಗು ಹೊರಳಿತು. ಅವಳು ಹೋಗಿ ಬೆಂಚಿನ ಮೇಲೆ ಕೂತಳು.

ಅಷ್ಟರಲ್ಲಿ ನಾದಿನಿ ಹೊರಗೆ ಬಂದಳು. ಮೊಣಕೈ ಮಡಚಿ ಹತ್ತಿ ಒತ್ತಿಕೊಂಡಿದ್ದಳು. ಅತ್ತಿಗೆಯ ಕಡೆ ನೋಡಿದವಳು ಹಾಗೇ ನಿಂತುಬಿಟ್ಟಳು.

"ಅಮ್ಮ, ನನಗೆ ತಲೆ ಸುತ್ತುತ್ತಿದೆ. ಹೊರಗೆ ಹೋಗಿ ಕುಡಿಯೋಕೆ ಏನಾದ್ರೂ ತಗೊಂಡು ಬಾ."

ಅತ್ತೆ ಬೈದುಕೊಳ್ಳುತ್ತ ಓಡಿದಳು. ನಾದಿನಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ರಕ್ತ ಅಲ್ಲೇ ಪರೀಕ್ಷೆ ಮಾಡಿದ್ರು, ನನಗೆ ಎಚ್‌ಐವಿ ಇಲ್ಲವಂತೆ," ಎಂದಳು. "ಇದ್ದಿದ್ರೂ ಹೆದರಬೇಡ, ಎಚ್‌ಐವಿ ಇರೋರಿಗೆ ಮಾತ್ರೆ ಕೊಡ್ತೀವಿ, ಬಂದ ಪ್ರತಿ ಸಲ ದುಡ್ಡೂ ಕೊಡ್ತೀವಿ ಅಂತ ಆ ಸಿಸ್ಟರ್ ಸಮಾಧಾನ ಹೇಳಿದ್ರು. ಎಲ್ಲರಿಗೂ ಹಾಗೇ ಹೇಳ್ತಾರಂತೆ." ಅತ್ತಿಗೆಯ ಚೀಲದ ಕಡೆ ನೋಡಿದಳು. "ಬೇರೆ ಬಸುರಿಯರಿಗೂ ದುಡ್ಡು ಕೊಡ್ತೀರಾ ಅಂದೆ. ಇಲ್ಲಮ್ಮ, ಅವರಿಗೆ ಮಾತ್ರ ಅಂದ್ರು. ಅತ್ತಿಗೆ, ನಿಜಾನಾ?"

ಸೊಸೆ ಹೌದೆಂದು ತಲೆಯಾಡಿಸಿದಳು.

"ನಮ್ಮಣ್ಣನಿಗೆ ಗೊತ್ತಾ?"

"ಇಲ್ಲ."

"ನೀನು ಅಂಟಿಸಿದ್ದಾ, ಅವನು ಅಂಟಿಸಿದ್ದಾ?"

"ಗೊತ್ತಿಲ್ಲ ಕಣೇ. ದೇವರಾಣೆ ಗೊತ್ತಿಲ್ಲ. ಈ ಮಗು ಉಳಿದ್ರೆ ಸಾಕು. ಆಮೇಲೆ ನನ್ನ ಎಲ್ಲಿಗಾದ್ರೂ ಅಟ್ಟಿ. ನಿಮ್ಮಮ್ಮ ಇನ್ಮೇಲೆ ಬರಬೇಡ ಅಂತಿದಾರೆ. ಮಾತ್ರೆ ತಪ್ಪಿದ್ರೆ..." ಮುಂದಿನ ಮಾತು ಅಳುವಿನಲ್ಲಿ ಸಿಕ್ಕಿಕೊಂಡಿತು.

"ನಾನು ನಿನ್ನ ಎಂಜಲು ತಿಂದಿದೀನಿ," ಎಂದಳು ನಾದಿನಿ.

"ಅದರಿಂದ ಬರಲ್ಲ."

"ಗೊತ್ತು. ಅದನ್ನೂ ಹೇಳಿದ್ರು." ಆದರೂ ಅವಳು ಹತ್ತಿರ ಸರಿಯಲಿಲ್ಲ. ತೋಳಿನ ಹತ್ತಿಯನ್ನು ತೆಗೆದು ನೋಡಿದಳು, ಮತ್ತೆ ಒತ್ತಿಕೊಂಡಳು. "ಅಣ್ಣ ಬಂದ ಕೂಡಲೇ ನೀನು ಹೇಳಬೇಕು. ಅವನಿಗೂ ಇದ್ರೆ? ಅವನೂ ಮಾತ್ರೆ ತಗೋಬೇಡ್ವಾ? ನೀನು ಹೇಳದಿದ್ರೆ ನಾನೇ ಹೇಳ್ತೀನಿ. ಅಮ್ಮನ್ನ ನನಗೆ ಬಿಡು."

ಬಸ್ ನಿಲ್ದಾಣದಲ್ಲಿ ಅತ್ತೆ ಮತ್ತೆ ಸೂಲಗಿತ್ತಿಯ ಮಾತು ತೆಗೆದಳು. ನಾದಿನಿ ತಣ್ಣಗೆ ಹೇಳಿದಳು:

"ನನಗೆ ರಕ್ತ ತುಂಬ ಕಮ್ಮಿ ಅಂತೆ. ತಪ್ಪದೆ ಬರಲೇಬೇಕಂತೆ. ಒಬ್ಬಳೇ ಬಂದು ದಾರೀಲಿ ಬಿದ್ದುಗಿದ್ದರೆ? ಅತ್ತಿಗೆ ನನ್ನ ಜೊತೆ ಬರಲಿ."

"ದುಡ್ಡು ಕೊಡದಿದ್ರೂನಾ?"

"ದುಡ್ಡು ಕೊಡ್ತಾರೆ ಅಂತ ನಾನು ಬಸುರಾದ್ನಾ ಅಮ್ಮ?"

ಅತ್ತೆ ಮಗಳ ಬಿಳಿಚಿದ ಮುಖವನ್ನೇ ನೋಡಿದಳು. ಒಂದಷ್ಟು ಹೊತ್ತು ಗೊಣಗಿದಳು. "ಹಾಳಾಗಿ ಹೋಗಿ ಇಬ್ಬರೂ," ಎಂದು ಕೊನೆಗೆ ಒಪ್ಪಿದಳು. ತಂದಿದ್ದ ಹಣ್ಣಿನ ರಸದಲ್ಲಿ ಉಳಿದದ್ದನ್ನು, ಕೇಳದೆಯೇ, ಸೊಸೆಯ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ನಾದಿನಿ ತಾಯಿಯ ಪಕ್ಕ ಕೂತಳು. ಸೊಸೆ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಅಷ್ಟರಲ್ಲಿ ಅತ್ತೆಯ ಮೊಬೈಲಿಗೆ ಮಗನ ಕರೆ ಬಂತು. ಮಾತು ಮುಗಿಸಿ ಅವಳು ಹಿಂದೆ ತಿರುಗಿದಳು. "ನಾಡಿದ್ದು ಬರ್ತಾನಂತೆ ಕಣೇ. ಸಂತೋಷಾನಾ?"

"ಹೂಂ ಅತ್ತೆ."

ಉಳಿದ ದಾರಿಯುದ್ದಕ್ಕೂ ಸೊಸೆ ಗಂಡನಿಗೆ ಹೇಳಬೇಕಾದ ಮೊದಲ ಮಾತನ್ನು ಹುಡುಕಿದಳು. 'ನನಗೆ' ಎಂದು ಶುರುಮಾಡಿದರೆ ಅವನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈಯೆತ್ತುತ್ತಾನೆ. 'ನಿಮಗೂ' ಎಂದು ಶುರುಮಾಡಿದರೆ ಅದಕ್ಕಿಂತ ಬೇಗ. ಮಗುವಿನಿಂದ ಶುರುಮಾಡೋಣವೆಂದರೆ ಮುಂದಿನ ಪದವೇ ಹೊಳೆಯುತ್ತಿರಲಿಲ್ಲ. ನಿಲ್ದಾಣ ಹತ್ತಿರವಾದರೂ ಆ ಮಾತು ಸಿಗಲಿಲ್ಲ.

ಅತ್ತೆ ಮೊದಲು ಇಳಿದು ತರಕಾರಿ ಗಾಡಿಯ ಕಡೆ ನಡೆದಳು. ನಾದಿನಿ ಕೆಳಗೆ ನಿಂತು, ಒಂದು ಕ್ಷಣ ತಡೆದು, ಕೈ ಚಾಚಿದಳು. ಸೊಸೆ ಅದನ್ನು ಹಿಡಿದುಕೊಂಡು ಇಳಿದಳು, ಬಿಡಲಿಲ್ಲ.

"ನಾಡಿದ್ದು ನಾನು ಹೇಳುವಾಗ ನೀನು ಪಕ್ಕದಲ್ಲಿರ್ತೀಯಾ?"

ನಾದಿನಿ ತಾಯಿಯ ಬೆನ್ನನ್ನು ನೋಡಿದಳು, ನೆಲ ನೋಡಿದಳು.

"ಒಳಗೆ ಬರಲ್ಲ ಅತ್ತಿಗೆ. ಬಾಗಿಲ ಹೊರಗೆ ನಿಂತಿರ್ತೀನಿ. ಅವನು ಕೂಗಾಡಿದ್ರೆ ಬಾಗಿಲು ಬಡೀತೀನಿ. ಅಷ್ಟೇ ನನ್ನ ಕೈಲಾಗೋದು."